ಅಕ್ಕನ ಫೋಟೋದ ಹಿನ್ನೆಲೆ

ಅಕ್ಕನಿಗೆ ನಲವತ್ತು ದಾಟಿದ ಮೇಲೆ ಮಾಮ ಅವಳಿಗೊಂದು ಸಂಬಂಧ ತೆಗೆದುಕೊಂಡು ಪಲ್ಲಡಂನ ನಮ್ಮ ಮನೆಗೆ ಬಂದರು. ಮಾಮ ಎಂದರೆ ಅಮ್ಮನ ತಮ್ಮ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವರು. ತಮಿಳುನಾಡಿನ ಈ ಕಡೆ ನೆಲೆಸಿದ ನಮ್ಮ ಕನ್ನಡ ಜನದಲ್ಲಿ ಯಾವ ಮನೆಯಲ್ಲಿ ಹೆಣ್ಣಿದೆ, ಯಾವ ಮನೆಯಲ್ಲಿ ಗಂಡಿದೆ ಎಂಬುದು ಅವರಿಗೆ ಬಾಯಿಪಾಠ. ಅಪ್ಪ ತೀರಿಕೊಂಡ ಮೇಲೆ ನನ್ನ ಮದುವೆ ನಿಂತು ಮಾಡಿಸಿದವರೂ ಅವರೇ. ನಿಜವಾಗಿ ಮೊದಲು ಆಗಬೇಕಾಗಿದ್ದದ್ದು ಅಕ್ಕನ ಮದುವೆ. ಮಾತುಕತೆ ಮುಗಿದು ದಿನ ನೋಡುವ ಹೊತ್ತಿಗೆ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು. ಅಮ್ಮ ಸುಧಾರಿಸಿಕೊಳ್ಳಲಿ ಎಂದು ಮದುವೆಯನ್ನು ಮುಂದೂಡಿದೆವು, ಮತ್ತೊಮ್ಮೆ ಮುಂದೂಡಿದೆವು, ಅಷ್ಟರಲ್ಲಿ ಗಂಡಿನವರು ಬೇರೆ ಕಡೆ ನೋಡಿಕೊಂಡರು. ಅಕ್ಕ ಬನಿಯನ್ ಕಂಪನಿಯ ಕೆಲಸ ಬಿಟ್ಟು ಅಮ್ಮನ ಪಕ್ಕದಲ್ಲಿ ಕೂತವಳು ಏಳಲಿಲ್ಲ.

ನಾನು ಮದುವೆಯಾಗಿ ತಿರುಪ್ಪೂರಿಗೆ ಹೋದೆ. ಗಂಡ ಚಾಮರಾಜನಗರದ ಕಡೆಯವರು, ಇಲ್ಲಿನ ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಯೂನಿಟ್ಟಿನಲ್ಲಿ ಕೆಲಸಕ್ಕೆಂದು ಬಂದವರು. ನಮ್ಮ ಮನೆಯಲ್ಲಿ ಕನ್ನಡ ಬರೀ ಬಾಯಲ್ಲಿತ್ತು. ಅದನ್ನು ಓದಲು, ಬರೆಯಲು ಕಲಿಸಿದವರು ಅವರು. ನಮಗೊಬ್ಬಳು ಮಗಳು. ನಾನು ಒಂದು ಸಣ್ಣ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಮಕ್ಕಳ ಬಟ್ಟೆ, ನೈಟಿ, ಟೀ ಶರ್ಟು ಹೊಲಿಸಿ ಆನ್‌ಲೈನಿನಲ್ಲಿ ಮಾರುವವರು ಕಳಿಸಿದ ಫೋಟೋಗಳನ್ನು ಚೊಕ್ಕ ಮಾಡಿಕೊಡುವುದು ನಮ್ಮ ಕೆಲಸ. ಹೆಚ್ಚಿನ ಫೋಟೋಗಳನ್ನು ಮನೆಯ ಮೇಲ್ಛಾವಣಿಯಲ್ಲೋ ಗೋಡೌನಿನಲ್ಲೋ ತೆಗೆದಿರುತ್ತಾರೆ. ಹಿಂದೆ ನೀರಿನ ಟ್ಯಾಂಕು, ಕೇಬಲ್ಲು, ಒಣಗಲು ಹಾಕಿದ ಬಟ್ಟೆ. ಬಟ್ಟೆ ತೊಟ್ಟವರನ್ನು ಮಾತ್ರ ಚೂಪಾಗಿ ಉಳಿಸಿ ಹಿಂದಿನದ್ದನ್ನೆಲ್ಲ ಮಸುಕು ಮಾಡಬೇಕು. ಬೆಳಿಗ್ಗೆ ಅದೇ, ಊಟವಾದ ಮೇಲೂ ಅದೇ. ಸಂಜೆ ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಯಾರದೋ ತೋಳಿನ ಅಂಚು ಕಾಣುತ್ತಿತ್ತು. ಭಾನುವಾರಗಳಲ್ಲಿ ಪಲ್ಲಡಂಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬರುತ್ತಿದ್ದೆ.

ಮಾಮ ಬಂದ ದಿನವೂ ಭಾನುವಾರ. ಅವರು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದರು.

"ಒಳ್ಳೆ ಜಾಗ. ಹೆಂಡ್ತಿ ಹೋಗಿ ವರ್ಷಗಳಾಯ್ತು, ಮಕ್ಳಿಲ್ಲ. ಇವಳ್ದು ಒಂದು ಫೋಟೋ ಫೋನಲ್ಲಿ ಕಳ್ಸಿ ಅಂದವ್ರೆ."

ಅಕ್ಕ ನೆಲದ ಮೇಲೆ ಕೂತು ಬನಿಯನ್ನುಗಳ ಹೊಲಿಗೆಯ ತುದಿಯಲ್ಲಿ ಉಳಿದ ದಾರ ಕತ್ತರಿಸುತ್ತಿದ್ದಳು. ಕಂಪನಿಯವರು ಮೂಟೆ ತಂದು ಹಾಕಿ ಹೋಗುತ್ತಿದ್ದ ಕೆಲಸ ಅದು. ಅವಳು ಕತ್ತರಿ ನಿಲ್ಲಿಸಲಿಲ್ಲ.

"ಈ ವಯಸ್ಸಲ್ಲಿ ನನಗೇನು ಮಾಮಾ ಫೋಟೋ," ಎಂದಳು.

"ನಾನಿರೋವಾಗ್ಲೇ ನಿನ್ ಮದ್ವೆ ಮುಗಿಸ್ತೀನಿ, ಕಣ್ಣು. ಆಮೇಲೆ ಯಾರವ್ರೆ ನಿಂಗೆ?" ಮುದ್ದಿಗೆ ಮಾಮ ನಮ್ಮನ್ನು ಕಣ್ಣು ಎಂದೇ ಕರೆಯುತ್ತಾರೆ.

ಅಮ್ಮ ಕಟ್ಟಿಲಿನ ಮೇಲಿಂದ ನಮ್ಮನ್ನೇ ನೋಡುತ್ತಿದ್ದಳು. ಮಂಚಕ್ಕೆ ನಮ್ಮಲ್ಲಿ ತಮಿಳಿನವರಂತೆ ಕಟ್ಟಿಲು ಎಂದೇ ಹೇಳುತ್ತೇವೆ. ಅವಳ ಮಾತು ತುಸು ತೊದಲುತ್ತಿತ್ತು, ಆದರೆ ಎಲ್ಲವೂ ಅರ್ಥವಾಗುತ್ತಿತ್ತು. "ಪೆಟ್ಟಿಗೇಲಿ ಸೀರೆ ಐತೆ. ಉಟ್ಕೊ," ಎಂದಳು.

ಅದು ಮಾಮನೇ ನೇಯ್ದ ಸೀರೆ, ಮಾವಿನ ಚಿಗುರಿನ ಬಣ್ಣದ್ದು. ನಿಂತುಹೋದ ಮದುವೆಗೆಂದು ತಂದಿಟ್ಟದ್ದು. ಅಕ್ಕ ಅದನ್ನು ಉಟ್ಟು ಬಂದಳು. ಮಡಿಕೆಯ ಗೆರೆಗಳು ಸೀರೆಯ ಮೇಲೆ ಹಾಗೇ ಉಳಿದಿದ್ದವು.

ನಮ್ಮದು ಸಾಲುಮನೆ. ಮುಂದೊಂದು ಕೋಣೆ, ಹಿಂದೆ ಅಡುಗೆಗೆ ಸ್ವಲ್ಪ ಜಾಗ. ಪಕ್ಕದ ಗೋಡೆಯ ಆಚೆಗೆ ಪವರ್‌ಲೂಮ್ ಶೆಡ್ಡು. ಅದರ ಸದ್ದಿಗೆ ನಾವೆಲ್ಲ ಜೋರಾಗಿ ಮಾತಾಡಿ ಅಭ್ಯಾಸ. ಬೆಳಕು ಬರುವುದು ಮುಂಬಾಗಿಲಿನಿಂದ ಮಾತ್ರ. ಹೊರಗೆ ನಿಲ್ಲಿಸಿ ಫೋಟೋ ತೆಗೆದರೆ ಇಡೀ ಸಾಲಿನ ಹೆಂಗಸರು ಬಂದು ಕಾರಣ ಕೇಳುತ್ತಾರೆಂದು ಅಕ್ಕ ಒಪ್ಪಲಿಲ್ಲ. ಬಾಗಿಲಿನ ಒಳಗೆ ಕುರ್ಚಿ ಹಾಕಿ ಕೂರಿಸಿದೆ. ಅವಳ ಬೆನ್ನಿಗೆ ಅಮ್ಮನ ಕಟ್ಟಿಲು. ಅದನ್ನು ಸರಿಸಲು ಬೇರೆ ಜಾಗವಿರಲಿಲ್ಲ.

ನಾನು ಫೋನು ಎತ್ತಿ ಹಿಡಿದಾಗ ಅಮ್ಮ ಅಂದಳು: "ಇರು. ನಂಗೆ ತಲೆ ಬಾಚಿ ಬುಡು."

ತನ್ನ ಫೋಟೋವನ್ನೂ ತೆಗೆಯುತ್ತಿದ್ದಾರೆಂದು ಅವಳು ಅಂದುಕೊಂಡಿದ್ದಳು. ಮಾಮ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಎದ್ದುಹೋಗಿ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದಳು, ತಲೆ ಬಾಚಿದಳು, ಹಣೆಗೆ ವಿಭೂತಿ ಇಟ್ಟಳು. ಆಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ನಾನು ಒತ್ತಿದಾಗ ಅಮ್ಮ ಸೆರಗು ಸರಿಮಾಡಿಕೊಳ್ಳಲು ಎಡಗೈ ಎತ್ತಿದ್ದಳು. ಫೋಟೋದಲ್ಲಿ ಆ ಕೈ ಅಕ್ಕನ ಹೆಗಲಿನ ಪಕ್ಕಕ್ಕೆ ಬಂದು ನಿಂತಿತ್ತು. ಇನ್ನೂ ಕೆಲವು ತೆಗೆದೆ. ಅಕ್ಕನ ಮುಖ ಸರಿಯಾಗಿ ಬಂದದ್ದು ಆ ಮೊದಲನೆಯದರಲ್ಲಿ ಮಾತ್ರ.

ಮಾಮ ಫೋನನ್ನು ದೂರ ಹಿಡಿದು ನೋಡಿದರು. ನನ್ನನ್ನು ಹೊರಗೆ ಕರೆದರು. ಶೆಡ್ಡಿನ ಸದ್ದಿನಲ್ಲಿ ಒಳಗಿನವರಿಗೆ ಕೇಳಿಸುವ ಭಯವಿರಲಿಲ್ಲ.

"ಹಿಂದ್ಗಡೆ ಅಕ್ಕ ಬಿದ್ದವ್ಳಲ್ಲ," ಎಂದರು. ಅವರ ಅಕ್ಕ ಎಂದರೆ ನನ್ನ ಅಮ್ಮ. "ಮೊದ್ಲೇ ಅದನ್ನ ನೋಡಿದ್ರೆ ಮಾಪ್ಳೆ ಮನೆಯವ್ರು ಬರೋದೇ ಇಲ್ಲ. ನೀ ಕಂಪ್ಯೂಟರಲ್ಲಿ ಏನೋ ಮಾಡ್ತೀಯಲ್ಲ, ಹಿಂದಿಂದು ಕಾಣ್ದಂಗೆ. ಹಂಗೆ ಮಾಡ್ಬುಡು." ಮಾಪ್ಳೆ ಎಂದರೆ ಮದುವೆಯ ಗಂಡು.

"ಅವರು ಮನೆಗೆ ಬಂದಾಗ ಕಾಣೋದಿಲ್ವಾ ಮಾಮಾ?"

"ಬಂದ ಮೇಲೆ ಮಾತಾಡ್ಕೊಬೋದು. ಬರ್ಲಿ ಮೊದ್ಲು."

ನಾನು ಅಕ್ಕನನ್ನು ಕೇಳಿದೆ. ಅವಳು ಆಗಲೇ ಸೀರೆ ಬಿಚ್ಚಿಟ್ಟು ಹಳೆಯ ನೈಟಿಗೆ ಬಂದಿದ್ದಳು. "ಏನಾದ್ರೂ ಮಾಡ್ಕೊಳ್ಳಿ," ಎಂದಳು. ಅಮ್ಮ ಕಟ್ಟಿಲಿನಿಂದ, "ಮಸ್ಕು ಮಾಡು. ನನ್ನ ನೋಡಕ್ಕಾ ಬರೋದು ಅವ್ರು?" ಎಂದಳು. ಅವಳಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ.

ಫೋನಿನಲ್ಲೇ ಮಾಡಿ ನೋಡಿದೆ. ಫೋನಿಗೆ ಅಕ್ಕ ಎಲ್ಲಿ ಮುಗಿಯುತ್ತಾಳೆ, ಅಮ್ಮ ಎಲ್ಲಿ ಶುರುವಾಗುತ್ತಾಳೆ ಎಂದು ತಿಳಿಯಲಿಲ್ಲ. ಅಕ್ಕನ ಒಂದು ಕಿವಿ, ಓಲೆಯ ಸಮೇತ, ಹಿಂದಿನ ಮಸುಕಿಗೆ ಸೇರಿಹೋಯಿತು. ಮರುದಿನ ಆಫೀಸಿಗೆ ಒಯ್ದೆ. ಊಟದ ಬಿಡುವಿನಲ್ಲಿ ಡಬ್ಬಿ ಪಕ್ಕಕ್ಕಿಟ್ಟು ಫೋಟೋ ತೆರೆದೆ. ಮೊದಲು ಅಕ್ಕನ ಸುತ್ತ ಗೆರೆ ಎಳೆಯಬೇಕು. ಸೀರೆಯ ಅಂಚು ಸುಲಭ, ಕೂದಲು ಕಷ್ಟ. ಅಕ್ಕನ ಕಿವಿಯ ಮೇಲೆ ನರೆತ ಎಳೆಗಳು ಇದ್ದವು. ನಾನು ಅವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಆಮೇಲೆ ಅವಳನ್ನು ಬೇರೆ ಲೇಯರಿಗೆ ಎತ್ತಿಟ್ಟು, ಕೆಳಗಿನದ್ದಕ್ಕೆ ಬ್ಲರ್ ಹಾಕಬೇಕು. ಸ್ವಲ್ಪ ಹಾಕಿದರೆ ಕಟ್ಟಿಲಿನ ಕಂಬಿ ಹೋಯಿತು, ಗೋಡೆಯ ಕ್ಯಾಲೆಂಡರು ಹೋಯಿತು. ಅಮ್ಮ ಮಾತ್ರ ಅಮ್ಮನೇ ಎಂದು ಗೊತ್ತಾಗುತ್ತಿತ್ತು. ಇನ್ನೂ ಹೆಚ್ಚಿಸಿದೆ. ಕಣ್ಣು ಹೋಯಿತು, ಬಾಯಿ ಹೋಯಿತು, ಬಿಳಿ ಸೀರೆ ಒಂದು ಮೂಟೆಯ ಹಾಗಾಯಿತು.

ಉಳಿದದ್ದು ಆ ಕೈ. ಅದು ಅಕ್ಕನ ಹೆಗಲಿಗೆ ಅಂಟಿಕೊಂಡಿತ್ತು. ಮಸುಕು ಮಾಡಿದರೆ ಅಕ್ಕನ ಹೆಗಲಿನ ಅಂಚೂ ಕಲಸಿಹೋಗುತ್ತಿತ್ತು, ಬಿಟ್ಟರೆ ಎಲ್ಲಿಂದಲೋ ಬಂದ ಕೈಯಂತೆ ಕಾಣುತ್ತಿತ್ತು. ಪಕ್ಕದ ಗೋಡೆಯ ಬಣ್ಣವನ್ನು ತಂದು ಮುಚ್ಚಿದೆ. ದಿನವೂ ಮಾಡುವ ಕೆಲಸವೇ. ಪಕ್ಕದ ಸೀಟಿನವಳು ಬಗ್ಗಿ ನೋಡಿ, ಚೆನ್ನಾಗಿ ಬಂದಿದೆ, ಸ್ಟುಡಿಯೋದಲ್ಲಿ ತೆಗೆದ ಹಾಗಿದೆ ಎಂದು ತಮಿಳಿನಲ್ಲಿ ಹೇಳಿದಳು. ನಿಜವಾಗಿಯೂ ಚೆನ್ನಾಗಿತ್ತು. ಮಾಮನಿಗೆ ಕಳಿಸಿದೆ. ಊಟ ಮಾಡಲು ಹೊತ್ತು ಉಳಿಯಲಿಲ್ಲ.

ಫೋಟೋ ನೋಡಿ ಗಂಡಿನ ಕಡೆಯವರು ಬಂದರು. ಗಂಡು, ಅವರ ಅಕ್ಕ, ಭಾವ. ಬಾಗಿಲು ದಾಟುತ್ತಿದ್ದಂತೆ ಆ ಹೆಂಗಸಿನ ಕಣ್ಣು ಕಟ್ಟಿಲಿಗೆ ಹೋಯಿತು. ಮಾಮ ನಗುನಗುತ್ತ ಪರಿಚಯ ಮಾಡಿಸಿದರು. ಅವರು ಮರ್ಯಾದಸ್ಥರು, ಬಜ್ಜಿ ತಿಂದರು, ಕಾಫಿ ಕುಡಿದರು, ಅಮ್ಮನ ಆರೋಗ್ಯ ವಿಚಾರಿಸಿದರು. ಏಳುವ ಮುಂಚೆ ಆ ಹೆಂಗಸು ಮೆಲ್ಲಗೆ ಕೇಳಿದರು: "ಇವ್ಳು ಬಂದ್ಬುಟ್ರೆ ಅಮ್ಮನ್ನ ಯಾರು ನೋಡ್ಕೊಳ್ಳೋದು?" ಮಾಮ ನನ್ನ ಕಡೆ ನೋಡಿದರು. ನಾನು ಅಕ್ಕನ ಕಡೆ ನೋಡಿದೆ. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಊರಿಗೆ ಹೋಗಿ ಹೇಳುತ್ತೇವೆ ಎಂದರು. ಹೇಳಲಿಲ್ಲ.

ಅದೇ ಫೋಟೋ ಇನ್ನೂ ಕೆಲವು ಮನೆಗಳಿಗೆ ಹೋಯಿತು. ಬಂದವರೂ ಇದ್ದರು, ಬರದವರೂ ಇದ್ದರು. ಪ್ರತಿ ಸಲ ಸೀರೆ ಉಡಬೇಕು, ಬನಿಯನ್ ಮೂಟೆಯನ್ನು ಪಕ್ಕದ ಮನೆಗೆ ಸಾಗಿಸಬೇಕು, ಬಜ್ಜಿಗೆ ಎಣ್ಣೆ ಇಡಬೇಕು. ಅವರು ಹೋದ ಮೇಲೆ ಅಮ್ಮನ ಬಟ್ಟೆ ಬದಲಿಸಬೇಕು, ಏಕೆಂದರೆ ಅವರಿದ್ದಷ್ಟು ಹೊತ್ತು ಅಮ್ಮ ಬಾಯಿ ಬಿಡದೆ ಮೂತ್ರ ತಡೆದುಕೊಂಡು, ಕೊನೆಗೆ ತಡೆಯಲಾಗದೆ ಒದ್ದೆ ಮಾಡಿಕೊಂಡಿರುತ್ತಿದ್ದಳು. ಒಂದು ಸಲ ಅಮ್ಮ ಹೇಳಿದಳು: "ಅವ್ರು ಬರೋ ದಿನ ನನ್ನ ಸಿರುಮುಗೈಗೆ ತಕ್ಕೊಂಡೋಗಿ ಬುಡ್ರಿ. ಸಾಯಂಕಾಲ ಕರ್ಕೊಂಡ್ ಬನ್ನಿ."

ಮಾಮನಿಗೆ ಇದು ಹಿಡಿಸಿತು. ಕಾರು ಗೊತ್ತು ಮಾಡುವ ಮಾತೂ ಆಡಿದರು. ಅಕ್ಕ ಆ ದಿನ ಮೊದಲ ಬಾರಿಗೆ ದನಿ ಏರಿಸಿದಳು.

"ಫೋಟೋದಲ್ಲಿ ಮಸುಕು ಮಾಡಿದ್ರಿ, ಸುಮ್ನಿದ್ದೆ. ಈಗ ಮನೇಲೂ ಮಸುಕು ಮಾಡ್ಬೇಕಾ? ಅಮ್ಮ ಕಾಣೋ ಫೋಟೋ ಇದ್ಯಲ್ಲ, ಅದನ್ನೇ ಕಳ್ಸು. ಅದನ್ನ ನೋಡಿ ಬರೋರು ಬರ್ಲಿ. ಯಾರೂ ಬರ್ದಿದ್ರೆ ನಂಗೆ ಬಜ್ಜಿ ಸುಡೋ ವೇಲೆ ಮಿಗುತ್ತೆ."

ವೇಲೆ ಎಂದರೆ ಕೆಲಸ. ಸಿಟ್ಟು ಬಂದರೆ ಅವಳ ಬಾಯಲ್ಲಿ ತಮಿಳು ಮಾತು ಹೆಚ್ಚುತ್ತದೆ. ಮಾಮ ಎರಡು ಮಾತು ಗೊಣಗಿ ಎದ್ದು ಹೋದರು. ನಾನು ಮೊದಲು ತೆಗೆದಿದ್ದ ಹಾಗೇ ಇದ್ದ ಫೋಟೋವನ್ನು, ಕಟ್ಟಿಲು, ಕ್ಯಾಲೆಂಡರು, ಅಮ್ಮನ ಕೈ ಸಮೇತ, ಅವರ ಫೋನಿಗೆ ಕಳಿಸಿದೆ. ಆಮೇಲೆ ಬಹಳ ಕಾಲ ಯಾರೂ ಬರಲಿಲ್ಲ. ಮಳೆ ಬಂದು ಹೋಯಿತು, ದೀಪಾವಳಿ ಆರ್ಡರುಗಳ ಗಲಾಟೆ ಮುಗಿಯಿತು. ಅಕ್ಕನ ಮುಖದಲ್ಲಿ ಬೇಸರವೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಕೂತಲ್ಲೇ ತೂಕಡಿಸುವುದು ಮಾತ್ರ ಹೆಚ್ಚಾಗಿತ್ತು. ಒಂದು ಸಲ ನಾನು ಹೋದಾಗ ಕತ್ತರಿ ಬೆರಳಿನಲ್ಲಿದ್ದಂತೆಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು.

ಆಗ ಅವಿನಾಶಿ ಎಂಬ ಊರಿನಿಂದ ಒಬ್ಬರು ಫೋನ್ ಮಾಡಿದರು. ಮಾಮ ಗೊಣಗಿದರೂ ಆ ಫೋಟೋವನ್ನು ನನ್ನ ನಂಬರಿನ ಸಮೇತ ಕೆಲವರಿಗೆ ಕಳಿಸಿದ್ದರು; ಹಾಗಾಗಿ ಮಾಮನಿಗಲ್ಲ, ನೇರವಾಗಿ ನನಗೆ. ಸ್ಪಿನ್ನಿಂಗ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್, ನಮ್ಮ ಜನವೇ, ಹೆಂಡತಿ ಇಲ್ಲ. ದನಿ ಮೆದು. ಅಕ್ಕನ ಓದು, ವಯಸ್ಸು ಏನನ್ನೂ ಕೇಳಲಿಲ್ಲ. "ಹಿಂದೆ ಕೂತಿರೋರು ನಿಮ್ಮಮ್ಮನಾ?" ಎಂದು ಕೇಳಿದರು. ಹೌದು ಎಂದೆ. "ಊಟ ಅವ್ರೇ ಮಾಡ್ತಾರಾ, ತಿನ್ನಿಸ್ಬೇಕಾ?" ಎಂದರು. ಇಷ್ಟು ದಿನದಲ್ಲಿ ಅಮ್ಮನ ಬಗ್ಗೆ ಹೀಗೆ ಕೇಳಿದವರು ಇರಲಿಲ್ಲ. ನನಗೆ ಎದೆ ಹಗುರಾಯಿತು. ಮಾಮನಿಗೆ ತಿಳಿಸಿದೆ, ಅವರೂ, ನೋಡು, ಎಲ್ಲದಕ್ಕೂ ಹೊತ್ತು ಬರಬೇಕು ಎಂದರು.

ಅವಿನಾಶಿಯವರು ಒಬ್ಬರೇ ಬಂದರು, ಬಾಳೆಹಣ್ಣು ಹಿಡಿದುಕೊಂಡು. ಅಕ್ಕ ಆ ದಿನ ಹತ್ತಿ ಸೀರೆಯಲ್ಲೇ ಇದ್ದಳು. ಬಜ್ಜಿ ಇರಲಿಲ್ಲ, ಕಾಫಿ ಮಾತ್ರ. ಅವರು ಕುರ್ಚಿಯನ್ನು ಕಟ್ಟಿಲಿನ ಹತ್ತಿರಕ್ಕೆ ಎಳೆದುಕೊಂಡು ಮೊದಲು ಅಮ್ಮನನ್ನೇ ಮಾತಾಡಿಸಿದರು. ಅಮ್ಮ ತೊದಲುತ್ತ ಉತ್ತರ ಕೊಟ್ಟಳು. ಅರ್ಥವಾಗದಿದ್ದಾಗ ಅವರು ಮತ್ತೆ ಕೇಳಿಸಿಕೊಂಡರು. ಅಮ್ಮನಿಗೆ ಅವರು ಹಿಡಿಸಿದರೆಂದು ನನಗೆ ಗೊತ್ತಾಯಿತು. ಆಮೇಲೆ ಅಕ್ಕನ ಕಡೆ ತಿರುಗಿದರು.

"ಎತ್ತಿ ಕೂರ್ಸೋದು ನೀವೊಬ್ರೇನಾ?"

"ಹೌದು."

"ಬೆನ್ನಲ್ಲಿ ಹುಣ್ಣು ಆಗಿಲ್ವಾ?"

"ಇಲ್ಲ. ಮಗ್ಗುಲು ಬದಲಿಸ್ತಾ ಇರ್ತೀನಿ."

"ನಮ್ಮಪ್ಪನಿಗೆ ಆಗೈತೆ," ಎಂದರು ಅವರು. ಲೋಟ ಬರಿದು ಮಾಡಿದರು. "ಬಿದ್ದು ಸೊಂಟ ಮುರ್ಕೊಂಡು ಮಲಗವ್ರೆ. ನಾನು ಶಿಫ್ಟಿಗೆ ಹೋಗ್ಬೇಕು. ನೋಡ್ಕೊಳ್ಳಕ್ಕೆ ಅಂತ ಇಟ್ಕೊಂಡವ್ರು ಯಾರೂ ನಿಲ್ಲೋದಿಲ್ಲ. ಆ ಫೋಟೋದಲ್ಲಿ ಅಮ್ಮನ್ನ ನೋಡ್ದೆ. ತಲೆ ಬಾಚಿ, ವಿಭೂತಿ ಇಟ್ಟು, ಎಷ್ಟು ಚೊಕ್ಕವಾಗಿ ಇಟ್ಟಿದೀರಿ. ಇಂಥವ್ರು ಮನೆಗೆ ಬಂದ್ರೆ ಸಾಕು ಅನ್ನಿಸ್ತು. ನೀವು ಅಮ್ಮನ್ನ ಬಿಟ್ಟು ಬರ್ಬೇಡಿ. ಅವ್ರೂ ಬರ್ಲಿ. ಮನೆ ದೊಡ್ಡದೈತೆ. ಎರಡು ಕಟ್ಟಿಲು ಹಾಕ್ಕೊಬೋದು."

ಅವರು ಮೋಸದ ಮನುಷ್ಯರಲ್ಲ. ಬಚ್ಚಿಡದೆ ಹೇಳಿದರು. ಹೇಳುವಾಗ ಅವರ ಕಣ್ಣು ಕೆಂಪಗಿತ್ತು; ಅವರೂ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಮಾಮನ ಮುಖ ಅರಳಿತ್ತು. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ ಎನ್ನುವವನು ಸಿಕ್ಕಿದ ಮೇಲೆ ಇನ್ನೇನು ಬೇಕು ಎಂಬಂತೆ ನನ್ನ ಕಡೆ ನೋಡಿದರು. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು.

ಅಕ್ಕ ಅವರ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. "ಎರಡು ಕಟ್ಟಿಲು ನನ್ ಕೈಲಿ ಆಗಲ್ಲಣ್ಣಾ," ಎಂದಳು.

ಅಣ್ಣಾ ಎಂದ ಮೇಲೆ ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಮಾಮ ಕಾಫಿಯನ್ನು ಅರ್ಧದಲ್ಲೇ ಕೆಳಗಿಟ್ಟರು. ಬಂದವರು ತಲೆಯಾಡಿಸಿ, "ಸರಿಮ್ಮಾ," ಎಂದು ಎದ್ದರು. ಹೋಗುವ ಮುಂಚೆ ಅಮ್ಮನ ದಿಂಬು ಜಾರಿದ್ದನ್ನು ನೋಡಿ ಸರಿಮಾಡಿದರು. ಅಕ್ಕ ಬಾಗಿಲವರೆಗೆ ಹೋಗಿ, ಹುಣ್ಣಿಗೆ ಆಸ್ಪತ್ರೆಯ ನರ್ಸನ್ನು ಕೇಳಿ ಗಾಳಿಹಾಸಿಗೆ ತರಿಸಿ, ತಡ ಮಾಡಬೇಡಿ ಎಂದು ಹೇಳಿ ಬಂದಳು.

ಮಾಮ ಬೈದರು. ಅಂಥವನನ್ನು ಬಿಟ್ಟವಳಿಗೆ ಇನ್ನು ತಾನು ಯಾರನ್ನೂ ತರುವುದಿಲ್ಲ ಎಂದರು. ಅವರು ಬಸ್ಸಿಗೆ ಹೊರಟ ಮೇಲೆ ಅಕ್ಕ ನನ್ನ ಮುಂದೆ ಕೂತಳು.

"ಈಗ ಬಂದಿದ್ದವ್ರ ಮೇಲೆ ನಂಗೆ ಕೋಪ ಇಲ್ಲ," ಎಂದಳು. "ಮಸುಕು ಮಾಡಿದ ಫೋಟೋ ನೋಡಿ ಬಂದವ್ರು ಅಮ್ಮನ್ನ ಕಂಡು ಓಡಿದ್ರು. ಇವ್ರು ಅಮ್ಮನ್ನೇ ನೋಡಿ ಬಂದ್ರು. ನನ್ನ ಯಾರು ನೋಡಿದ್ರು ಹೇಳು. ನಂಗೆ ಮಾಪ್ಳೆ ಬೇಡ ಕಣೇ. ನಂಗೆ ನಿದ್ದೆ ಬೇಕು."

ಹಾಗೆಂದವಳು ಅಲ್ಲೇ ಚಾಪೆ ಬಿಡಿಸಿ ಮಲಗಿದಳು. ಮಧ್ಯಾಹ್ನದಿಂದ ಸಂಜೆಯವರೆಗೆ ಏಳಲೇ ಇಲ್ಲ. ಶೆಡ್ಡಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಅಮ್ಮನಿಗೆ ನಾನು ಗಂಜಿ ತಿನ್ನಿಸಿದೆ, ಬಟ್ಟೆ ಬದಲಿಸಿದೆ. ಅವಳನ್ನು ಮಗ್ಗುಲಿಗೆ ತಿರುಗಿಸಲು ಹೋದರೆ ನನ್ನ ಸೊಂಟ ಹಿಡಿದುಕೊಂಡಿತು. ಅಮ್ಮ ನರಳಲಿಲ್ಲ. ಬಿಸಿ ಗಂಜಿ ಚೆಲ್ಲಿದಾಗಲೂ ಅಕ್ಕನನ್ನು ಎಬ್ಬಿಸಬೇಡ ಎಂದು ಕಣ್ಣಲ್ಲೇ ಹೇಳಿದಳು. ನಾನು ಹೊರಗೆ ಬಂದು ಗಂಡನಿಗೆ ಫೋನ್ ಮಾಡಿದೆ.

"ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬರ್ತೀನಿ," ಎಂದೆ.

"ಮಂಚ ಎಲ್ಲಿ ಹಾಕೋಣ?" ಎಂದು ಕೇಳಿದರು.

"ಹಾಲ್‌ನಲ್ಲಿ."

"ಹಾಗಿದ್ರೆ ಟೀವಿ ಸ್ಟ್ಯಾಂಡು ತೆಗೀಬೇಕು. ಸರಿ, ತೆಗೀತೀನಿ."

ಅಮ್ಮ ಸುಲಭಕ್ಕೆ ಒಪ್ಪಲಿಲ್ಲ. ಮಗಳನ್ನು ಕೊಟ್ಟ ಮನೆಯಲ್ಲಿ ಹೋಗಿ ಬೀಳುವುದಾ ಎಂದು ಅತ್ತಳು. ಮಾಮನೂ ಫೋನಿನಲ್ಲಿ ಅದನ್ನೇ ಹೇಳಿದರು, ಜನ ಏನಂದುಕೊಳ್ಳುತ್ತಾರೆ ಎಂದರು. ಅಕ್ಕ, "ಇಷ್ಟು ವರ್ಷ ಇದ್ದದ್ದೂ ಮಗಳ ಮನೇನೇ ಅಮ್ಮಾ," ಎಂದಳು. ಅಮ್ಮ ಎಡಗೈಯಿಂದ ಕಣ್ಣು ಒರೆಸಿಕೊಂಡು, ಹೂಂ ಎಂದಳು. ಪೊಂಗಲ್ ಕಳೆದ ಮೇಲೆ ಒಂದು ವ್ಯಾನಿನಲ್ಲಿ ಕಟ್ಟಿಲನ್ನೂ ಅಮ್ಮನನ್ನೂ ತಂದೆವು. ನಮ್ಮದು ಮಹಡಿ ಮನೆ. ನನ್ನ ಗಂಡ, ಕೆಳಗಿನ ಮನೆಯವರು ಸೇರಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಮೆಟ್ಟಿಲು ಹತ್ತುವಷ್ಟೂ ಅಮ್ಮ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದಳು.

ಈಗ ಅವಳು ನಮ್ಮ ಹಾಲ್‌ನಲ್ಲಿದ್ದಾಳೆ. ಆಫೀಸಿನವರು ನನಗೆ ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದಾರೆ, ಆದರೆ ಫೋಟೋಗಳು ಕಡಿಮೆಯಾಗಿಲ್ಲ. ಯಾರದೋ ಮಗುವಿನ ಹಿಂದಿನ ನೀರಿನ ಟ್ಯಾಂಕನ್ನು ಅಳಿಸುತ್ತ ಇರುವಾಗ ಅಮ್ಮ ಕರೆಯುತ್ತಾಳೆ; ಎದ್ದು ಹೋಗಿ ಬಂದು ಮತ್ತೆ ಆ ಟ್ಯಾಂಕನ್ನು ಹುಡುಕುತ್ತೇನೆ. ಸೊಂಟನೋವು ವಾಸಿಯಾಗಿಲ್ಲ. ಕೆಲವು ದಿನ ಗಂಡನ ಮೇಲೆ, ಮಗಳ ಮೇಲೆ ಸುಮ್ಮನೆ ರೇಗುತ್ತೇನೆ. ಅಕ್ಕ ಇದನ್ನು ಒಬ್ಬಳೇ ಮಾಡಿದಳಲ್ಲ ಎಂದು ಯೋಚಿಸಲೂ ಪುರುಸೊತ್ತಿರುವುದಿಲ್ಲ. ದಣಿವು ಅಷ್ಟೇ.

ಅಕ್ಕ ಬನಿಯನ್ ಕಂಪನಿಗೆ ಮತ್ತೆ ಸೇರಿದಳು, ಚೆಕಿಂಗ್ ವಿಭಾಗಕ್ಕೆ. ಪಲ್ಲಡಂನಿಂದ ಕಂಪನಿ ವ್ಯಾನಿನಲ್ಲಿ ಬಂದು ಹೋಗುತ್ತಾಳೆ. ಮಾಮ ಮುನಿಸು ಮರೆತು, ಸಂಬಂಧ ನೋಡಲಾ ಎಂದು ಆಗಾಗ ಕೇಳುತ್ತಾರೆ, ಅವಳು, "ಇರ್ಲಿ ಮಾಮಾ," ಎನ್ನುತ್ತಾಳೆ. ಭಾನುವಾರ ಈಗ ಅವಳು ನಮ್ಮ ಮನೆಗೆ ಬರುತ್ತಾಳೆ. ಬಂದವಳು ಅಮ್ಮನ ಬೆನ್ನು ನೋಡುತ್ತಾಳೆ, ಉಗುರು ಕತ್ತರಿಸುತ್ತಾಳೆ, ಆಮೇಲೆ ಕಟ್ಟಿಲಿನ ಪಕ್ಕದ ನೆಲದಲ್ಲಿ ಚಾಪೆ ಹಾಕಿಕೊಳ್ಳುತ್ತಾಳೆ. ಹೋದ ವಾರ ನಾನು ಕಾಫಿ ತರುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಕಾಫಿ ಅಲ್ಲೇ ಇಟ್ಟು, ಅಡುಗೆಮನೆಗೆ ಹೋಗಿ ಚಟ್ನಿಗೆ ಕಾಯಿ ಹೆಚ್ಚಿಕೊಂಡೆ. ಅಮ್ಮ ಹಾಲ್‌ನಿಂದ ಮೆಲ್ಲಗೆ ಕರೆದಳು.

"ಮಿಕ್ಸಿ ಹಾಕ್ಬೇಡ. ಅವ್ಳು ಎದ್ಬುಡ್ತಾಳೆ."

ಕಾಯಿಯ ಬಟ್ಟಲಿನ ಮೇಲೆ ತಟ್ಟೆ ಮುಚ್ಚಿಟ್ಟು ಬಂದು, ನಾನೂ ಅಮ್ಮನ ಕಾಲ ಬಳಿ ಕೂತೆ.